ವಿಜ್ಞಾನ ವಿಚಾರ: ಬೆಳಕಿನ ಬೋನು

ಬೆಳಕು ಬಿಸಿಯನ್ನುಂಟುಮಾಡುವುದೆಂದು ಎಲ್ಲರೂ ಬಲ್ಲರು. ಅದೇ ಬೆಳಕಿನಿಂದ ವಸ್ತುವನ್ನು ತಣಿಸಲೂಬಹುದೆಂದರೆ ನಮ್ಮ ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸದಿರರು.

ರುಬಿಡಿಯಂ ಎಂಬ ಲೋಹದ ಆವಿಯಲ್ಲಿ ಪರಮಾಣುಗಳು ಸೆಕೆಂಡಿಗೆ ಸುಮಾರು ೩೦೦ ಮೀಟರು ವೇಗದಿಂದ ಓಡುತ್ತಿರುತ್ತವೆ. ಉಷ್ಣವೆಂಬುದು ಈ ಓಟವೇ ಹೊರತು ಬೇರೆಯಲ್ಲ. ಪರಮಾಣು ಹೀರಿಕೊಳ್ಳುವ ಬಣ್ಣಕ್ಕಿಂತ ತುಸು ಕೆಂಪಿನ ಕಡೆಗೆ ಸರಿಸಿದ ಲೇಸರ್ ಕಿರಣವನ್ನು ಹಾಯಿಸಿದರೆ, ಅದಕ್ಕೆ ಎದುರಾಗಿ ಬರುವ ಪರಮಾಣುವಿಗೆ ಮಾತ್ರ ಅದು ಸರಿಯಾದ ಬಣ್ಣವಾಗಿ ತೋರುತ್ತದೆ; ಎದುರು ಬರುವ ರೈಲಿನ ಸಿಳ್ಳು ಏರಿ ಕೇಳುವಂತೆಯೇ ಇದು. ಹೀರಿದ ಒಂದೊಂದು ಬೆಳಕಿನ ಕಣವೂ ಸೆಕೆಂಡಿಗೆ ೬ ಮಿಲಿಮೀಟರಿನಷ್ಟು ವೇಗವನ್ನು ತಗ್ಗಿಸುತ್ತದೆ. ಓಡುವ ಗೂಳಿಗೆ ಕಡಲೆಕಾಳೆಸೆದಂತಾಯಿತಲ್ಲವೆ? ಆದರೆ ಸೆಕೆಂಡಿಗೆ ಕೋಟಿ ಕಾಳು ಬಿದ್ದರೆ ಗೂಳಿಯೂ ನಿಂತೀತು.

೧೯೮೭ರಲ್ಲಿ ಅಮೇರಿಕಾ ದೇಶದ ವಿಜ್ಞಾನಿಗಳು ಆರು ದಿಕ್ಕುಗಳಿಂದ ಕಿರಣಗಳನ್ನು ಹಾಯಿಸಿ, ಕಾಂತಕ್ಷೇತ್ರವನ್ನೂ ಕೂಡಿಸಿ, ಸೋಡಿಯಂ ಪರಮಾಣುಗಳನ್ನು ಇಂತಹ ಬೋನಿನಲ್ಲಿ ಹಿಡಿದರು. ಆ ತಂಡದ ಸ್ಟೀವನ್ ಚೂ ಅವರಿಗೂ ಮತ್ತಿಬ್ಬರಿಗೂ ೧೯೯೭ರ ನೊಬೆಲ್ ಪಾರಿತೋಷಕವು ಸಂದಿತು. ಆದರೆ ಕನ್ನಡಿ ಮಸೂರಗಳಿಂದ ದೊಡ್ಡ ಮೇಜೇ ತುಂಬುವ ಈ ಸಲಕರಣೆಯನ್ನು, ಉಪಗ್ರಹಗಳ ಸಂಜ್ಞೆ ತಲಪದ ಕಡಲಾಳದಲ್ಲಿ ದಾರಿಯರಿಯಬೇಕಾದ ನೌಕೆಯೊಳಗೆ ಇಡುವುದೆಂತು?

ಗ್ಲಾಸ್ಗೋ ನಗರದ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾನಿಲಯದವರು ೨೦೧೦ರಲ್ಲಿ ಒಂದು ಜಾಣ್ಮೆಯ ಉಪಾಯವನ್ನು ತೋರಿಸಿದರು. ಒಂದೇ ಕಿರಣವನ್ನು ಸೂಕ್ಷ್ಮವಾದ ಗೀರುಗಳುಳ್ಳ ತಟ್ಟೆಯ ಮೇಲೆ ಬೀಳಿಸಿದರೆ, ಗೀರುಗಳೇ ಅದನ್ನು ಒಡೆದು ಓರೆಯಾಗಿ ಮೇಲಕ್ಕೆ ತಿರುಗಿಸುತ್ತವೆ; ಬಂದ ಕಿರಣವೂ ತಿರುಗಿದ ಕಿರಣಗಳೂ ಸೇರಿ ಬೋನಾಗುತ್ತದೆ. ಸಿ.ಡಿ. ತಟ್ಟೆಯನ್ನು ಬಿಸಿಲಿಗೆ ಹಿಡಿದಾಗ ಬಣ್ಣಗಳು ಚೆದರುವುದೂ ಇಂತಹ ಗೀರುಗಳಿಂದಲೇ. ೨೦೧೩ರ ಹೊತ್ತಿಗೆ ಅಂಗೈಯಲ್ಲಿ ಅಡಗುವಂತಹ ತುಣುಕೊಂದರ ಮೇಲೆ ಅವರ ಕೂಟವು ಕೋಟಿಗಟ್ಟಲೆ ಪರಮಾಣುಗಳನ್ನು ಹಿಡಿದಿತ್ತು.

ಇನ್ನೂ ಕಿರಿದು ಮಾಡಬಾರದೆ ಎಂದು ಕೇಳಬಹುದು. ತೊಡಕಿರುವುದು ಅಲ್ಲಿಯೇ. ಕಿರಣದ ಅಗಲವನ್ನು ಅರ್ಧಕ್ಕಿಳಿಸಿದರೆ ಸೆರೆಸಿಕ್ಕುವ ಪರಮಾಣುಗಳು ಅರ್ಧವಾಗುವುದಿಲ್ಲ. ಹತ್ತರಲ್ಲೊಂದು ಪಾಲೂ ಉಳಿಯದು. ಕೆಲವೇ ಮಿಲಿಮೀಟರಿನ ಕಿರಣಗಳಲ್ಲಿ ಅರವತ್ತರಲ್ಲೊಂದು ಪಾಲು ದಕ್ಕಿದರೆ ಹೆಚ್ಚು. ನಿಲ್ಲಿಸಲು ದೊರೆಯುವ ದೂರವು ಕುಗ್ಗಿದಷ್ಟೂ ಮೊದಲೇ ನಿಧಾನವಾಗಿದ್ದವು ಮಾತ್ರ ಬಲೆಗೆ ಬೀಳುತ್ತವೆ. ಪರಮಾಣುಗಳು ಕಡಿಮೆಯಾದರೆ ಅಳತೆಯ ನಿಖರತೆಯೂ ಕಡಿಮೆಯೆ. ಆದಕಾರಣ ಉಪಕರಣವನ್ನು ಚಿಕ್ಕದುಮಾಡುವವರು ಲಾಭನಷ್ಟಗಳನ್ನು ತೂಗಿನೋಡಲೇಬೇಕಾಗಿದೆ.

ನಮಗಾದರೋ ಬೋನಿಗಿಂತ ಅದನ್ನಿಡುವ ಪೆಟ್ಟಿಗೆಯೇ ಹೆಚ್ಚು ಕಠಿಣವೆಂದು ತೋರುತ್ತದೆ. ಒಳಗೆ ಗಾಳಿಯ ಸೋಂಕೂ ಇರಕೂಡದು. ಹೀಲಿಯಂ ಅನಿಲವಂತೂ ಗಾಜಿನ ಮೂಲಕವೇ ಜಿನುಗಿ ಬರುತ್ತದೆ! ವಿದ್ಯುತ್ತಿನ ಪಂಪಿನ ನೆರವಿಲ್ಲದೆ ೨೦೦ ದಿನಗಳಿಗೂ ಮೀರಿ ಈ ಶೂನ್ಯತೆಯನ್ನು ಕಾಪಾಡಿದ ಪುಟ್ಟ ಪೆಟ್ಟಿಗೆಯೊಂದರ ವರದಿಯನ್ನು ಅಮೇರಿಕಾದ ಸ್ಯಾಂಡಿಯಾ ಪ್ರಯೋಗಶಾಲೆಯವರು ೨೦೨೧ರಲ್ಲಿ ಪ್ರಕಟಿಸಿದರು.