ಹಕ್ಕು 18ರ ತನಕ, ಕೈಬಿಡುವುದು ಎಸ್ಸೆಸ್ಸೆಲ್ಸಿಗೇ

ಖಾನಾಪುರದ ಕಾಡಂಚಿನ ಊರುಗಳಲ್ಲಿ ವಿಕಲಚೇತನ ಮಗು ಎಸ್ಸೆಸ್ಸೆಲ್ಸಿ ಪಾಸಾದರೆ ಮನೆಯವರು, ಇಷ್ಟು ಕಲಿತದ್ದೇ ಸಾಕು ಎಂದು ಕೂರಿಸಿಬಿಡುತ್ತಾರೆ. ತಪ್ಪು ಅವರದಲ್ಲ, ಹಕ್ಕು ಮುಂದೆಯೂ ಇದೆ ಅಂತ ಹೇಳಿದವರಾದರೂ ಯಾರು?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 31ನೇ ಕಲಂ ನೋಡ್ರಿ. ಶೇ 40 ಅಥವಾ ಹೆಚ್ಚು ವೈಕಲ್ಯವಿದ್ದ ಮಗುವಿಗೆ 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣ. ಪುಸ್ತಕ, ಸಲಕರಣೆ ಸಹ 18ರ ತನಕ ಪುಕ್ಕಟೆ ಎನ್ನುತ್ತದೆ 17ನೇ ಕಲಂ. ಪಿಯುಸಿ ಓದುವ ವಯಸ್ಸೇ 16, 17 ಅಲ್ಲವೇನ್ರಿ? ಮತ್ತೆ ಫೀ ಯಾಕೆ?

ಕಾಯ್ದೆಯಲ್ಲಿರುವುದು ‘ಶಾಲೆ’, ಕಾಲೇಜಲ್ಲ ಎಂದು ವಾದಿಸುವವರಿಗೆ ಒಂದು ಮಾತು: ಸಿಬಿಎಸ್‌ಇಯಲ್ಲಿ 11, 12ನೇ ತರಗತಿ ಶಾಲೆಯಲ್ಲೇ ನಡೆಯುತ್ತವೆ. ಗೇಟಿನ ಮೇಲಿನ ಬೋರ್ಡು ಬೇರೆಯಾದರೆ ನಮ್ಮ ಮಕ್ಕಳ ಹಕ್ಕು ಹೋಗುತ್ತದೆಯೇ?

ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವೂ ಇದೆ, ವಾರ್ಷಿಕ ಆದಾಯ 2.5 ಲಕ್ಷ ಮೀರಿರಬಾರದು. ಅರ್ಜಿ ಆನ್‌ಲೈನ್. ಕಣಕುಂಬಿ ಕಡೆಯ ಕೂಲಿ ತಾಯಿ ಅದನ್ನು ಒಬ್ಬಳೇ ತುಂಬಬೇಕೇ? ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುವುದು ಇಂಥದ್ದಕ್ಕೇ. ಅವರಿಗೆ ಕೊಡುವ ಗೌರವಧನ ಹೆಚ್ಚಿಸಿ, ಕೆಲಸವನ್ನೂ ಕೇಳಿ.

ಪಿಯು ಪ್ರವೇಶಕ್ಕೆ ಮುಂಚೆ ಅವರು ಮನೆಬಾಗಿಲಿಗೆ ಬರಲಿ. ಪ್ರಮಾಣಪತ್ರದ ತಪಾಸಣೆ ಪ್ರತಿ ತಿಂಗಳು ಖಾನಾಪುರದಲ್ಲೇ ನಡೆಯಲಿ. ನಡೆಯಲಾಗದ ಹುಡುಗನನ್ನು ಅಪ್ಪ ಬೆನ್ನ ಮೇಲೆ ಹೊತ್ತು ಬೆಳಗಾವಿ ಬಸ್ಸು ಹತ್ತುವುದನ್ನು ಇನ್ನೆಷ್ಟು ವರ್ಷ ನೋಡೋಣ?