ಸಣ್ಣ ಒಡ್ಡಿಗೂ ಹೊಣೆಗಾರರು ಬೇಕು

ಸವದತ್ತಿ ಸೀಮೆಯ ರೈತರು ಸ್ವಂತ ಹೊಲದಲ್ಲಿ ಕಟ್ಟಿಕೊಳ್ಳುವ ಮಣ್ಣಿನ ಒಡ್ಡುಗಳು ಖಾಸಗಿ ಸ್ವತ್ತಾದ್ದರಿಂದ ಅವುಗಳ ತಪಾಸಣೆ ಅನಗತ್ಯವೆಂಬ ಪ್ರಕಟಿತ ವಾದವು, ಅಣೆಕಟ್ಟು ಸುರಕ್ಷತಾ ಕಾಯ್ದೆ, 2021 ಅವುಗಳನ್ನು ಕೈಬಿಟ್ಟಿರುವುದನ್ನೇ ಅವು ನಿರಪಾಯಕರ ಎಂಬುದಕ್ಕೆ ಪುರಾವೆ ಮಾಡಿಕೊಂಡಿದೆ. ಆ ಕಾಯ್ದೆಯು 15 ಮೀಟರಿಗಿಂತ ಎತ್ತರದ ಕಟ್ಟೆಗಳನ್ನೂ, 10ರಿಂದ 15 ಮೀಟರಿನವುಗಳಲ್ಲಿ ಉದ್ದ, ಸಂಗ್ರಹ ಮೊದಲಾದ ಷರತ್ತುಗಳಿಗೆ ಒಳಪಡುವವನ್ನೂ ಮಾತ್ರ ಪರಿಗಣಿಸುತ್ತದೆ. ನವಿಲುತೀರ್ಥದ ಅಣೆಕಟ್ಟು ಅದರ ವ್ಯಾಪ್ತಿಗೆ ಬರುತ್ತದೆ, ಹಳ್ಳಕ್ಕೆ ಅಡ್ಡಲಾಗಿ ಎರಡಾಳೆತ್ತರಕ್ಕೆ ಎಬ್ಬಿಸಿದ ಒಡ್ಡು ಬರುವುದಿಲ್ಲ.

ಇಲ್ಲಿನ ಎರೆಮಣ್ಣು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಗರಸಿನ ಹೊದಿಕೆಯಿಲ್ಲದೆ ಅದರಿಂದಲೇ ಕಟ್ಟಿದ ಏರಿಯಲ್ಲಿ ನೀರು ಆ ಬಿರುಕನ್ನೋ, ಜಾಲಿಯ ಬೇರನ್ನೋ, ಹೆಗ್ಗಣದ ಬಿಲವನ್ನೋ ಹಿಡಿದು ಒಳಗೊಳಗೇ ಮಣ್ಣನ್ನು ಕೊರೆದು ಸಾಗಿಸುತ್ತದೆ; ಎಂಜಿನಿಯರುಗಳು ಪೈಪಿಂಗ್ ಎನ್ನುವುದು ಇದನ್ನೇ, ಮತ್ತು ಹೊರಮೈಯ ಬುಡದಲ್ಲಿ ಒಸರುವ ನೀರು ತಿಳಿಯಾಗಿರದೆ ಕದಡಿದ್ದರೆ ಅದು ಆರಂಭವಾಗಿದೆಯೆಂದೇ ತಿಳಿಯಬೇಕು. ಹೆಚ್ಚುವರಿ ನೀರನ್ನು ಹೊರಬಿಡುವ ಕೋಡಿಯನ್ನು, ಇನ್ನೊಂದು ಮೊಳ ನೀರು ನಿಲ್ಲಲೆಂಬ ಆಸೆಗೆ ಮರಳಿನ ಚೀಲಗಳಿಂದ ಮುಚ್ಚಿದರಂತೂ ನೀರು ಏರಿಯ ನೆತ್ತಿಯ ಮೇಲೇ ಹರಿದು ಅದನ್ನು ಕೊಚ್ಚುತ್ತದೆ.

ಒಡೆತನದ ವಾದಕ್ಕೆ ಹಳೆಯ ನ್ಯಾಯನಿರ್ಣಯವೂ ನೆರವಾಗದು. ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಒಡೆದು ರೈಲುಮಾರ್ಗಕ್ಕೆ ಹಾನಿಯಾದಾಗ, 1874ರಲ್ಲಿ ಪ್ರಿವಿ ಕೌನ್ಸಿಲ್ ಅವರನ್ನು ಹೊಣೆಯಿಂದ ಬಿಟ್ಟದ್ದು ಕೆರೆ ಅವರ ಸ್ವಂತದ್ದೆಂದಲ್ಲ, ಅವುಗಳ ಪಾಲನೆ ಅವರ ಕರ್ತವ್ಯವಾಗಿದ್ದು ಅದರಲ್ಲಿ ಅಲಕ್ಷ್ಯ ಕಂಡುಬರಲಿಲ್ಲವೆಂದು. ಪಾಲನೆಯನ್ನೇ ನಿರಾಕರಿಸುವವರಿಗೆ ಆ ರಕ್ಷಣೆ ಹೇಗೆ ದಕ್ಕೀತು? ಮಳೆಗಾಲಕ್ಕೆ ಮುಂಚೆ ತಾಲ್ಲೂಕಿನ ಎಂಜಿನಿಯರೊಬ್ಬರು ಏರಿ, ಕೋಡಿ, ತೂಬುಗಳನ್ನು ನೋಡಿ ಬರುವ ವ್ಯವಸ್ಥೆಯನ್ನು ಜಿಲ್ಲಾ ಪಂಚಾಯಿತಿ ಮಾಡಬೇಕು.