ಸೇವೆಗೂ ಮುಂದಾಳುಗಳು ಬೇಕು

2019ರಲ್ಲಿ ಕೊಪ್ಪಳದ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಮಹಾಸ್ವಾಮಿಗಳ ನೇತೃತ್ವದಲ್ಲಿ ಹಿರೇಹಳ್ಳದ ಹಲವು ಕಿಲೋಮೀಟರು ಪಾತ್ರವು ಹೂಳು, ಮುಳ್ಳುಕಂಟಿಗಳಿಂದ ಮುಕ್ತವಾದುದನ್ನು ನಮ್ಮ ಗಂಗಾವತಿ ಸೀಮೆಯ ಜನರೆಲ್ಲ ಬಲ್ಲರು. ಪೂಜ್ಯರು ಸ್ವತಃ ಹಳ್ಳಕ್ಕಿಳಿದರು. ಭಕ್ತರು, ರೈತರು ಹೆಗಲು ಕೊಟ್ಟರು. ಅದು ಸ್ತುತ್ಯವಾದ ಕಾರ್ಯವೆಂಬುದು ನಿರ್ವಿವಾದ.

ಆದರೆ ಜಾಲಿ ಮತ್ತೆ ಚಿಗುರುತ್ತದೆ; ಮಳೆ ಮತ್ತೆ ಹೂಳು ತರುತ್ತದೆ. ಪ್ರತಿಸಲವೂ ಗುರುಗಳೇ ಬಂದು ಕರೆಯಲೆಂದು ಕಾಯುವುದು ಭಕ್ತಿಯಲ್ಲ, ಜಾಡ್ಯ. ಊರೂರಿಗೂ ಸ್ವಂತ ಮುಂದಾಳುಗಳು ಬೇಕು.

ಅಂಥವರು ತಾವಾಗಿ ಹುಟ್ಟರು, ಬೆಳೆಸಬೇಕು. ಪ್ರತಿ ಗ್ರಾಮದಲ್ಲಿ ಒಬ್ಬ ಹಿರಿಯರ ಜೊತೆಗೆ ಒಬ್ಬ ತರುಣನೋ ತರುಣಿಯೋ ಹೊಣೆ ಹೊರಲಿ. ಕೆಲಸಕ್ಕೆ ಗಡಿಯೂ ಅವಧಿಯೂ ಇರಲಿ. ಲೆಕ್ಕಪತ್ರವನ್ನು ಊರ ಸಭೆಯಲ್ಲಿ ಓದಲಿ. ದುಡಿಯುವ ನಾಲ್ವರ ಮೇಲೆಯೇ ಭಾರ ಹೇರಿ, ತಪ್ಪಾದಾಗ ಅವರನ್ನೇ ದೂರುವ ನಮ್ಮ ಚಾಳಿ ಅನೇಕ ಸಂಘಗಳನ್ನು ಸೊರಗಿಸಿದೆ. ಸೇವಕನು ಕೈಯಿಂದ ಖರ್ಚು ಮಾಡುವಂತಾಗಬಾರದು. ಅವನಿಗೆ ಸಲಕರಣೆ, ಸಲಹೆ, ವಿಶ್ರಾಂತಿ ದೊರೆಯಬೇಕು.

ಅನುಭವ ಮಂಟಪದ ಶೂನ್ಯಪೀಠವನ್ನು ಬಸವಣ್ಣನವರು ತಾವೇರದೆ ಅಲ್ಲಮಪ್ರಭುಗಳಿಗೆ ಬಿಟ್ಟುಕೊಟ್ಟರೆಂಬುದು ಪರಂಪರೆಯ ಮಾತು. ಪೀಠ ಬಿಟ್ಟುಕೊಡುವುದೂ ನಾಯಕತ್ವವೇ. ಶಾಲೆಯ ದಾಸೋಹದಲ್ಲಿ ಬಡಿಸುವ ಕೆಲಸವನ್ನಷ್ಟೇ ಅಲ್ಲದೆ, ಉಗ್ರಾಣದ ಲೆಕ್ಕ, ಸರದಿಯ ನಿರ್ಣಯಗಳನ್ನೂ ಗುರುಗಳು ಮಕ್ಕಳಿಗೆ ಒಪ್ಪಿಸಲಿ. ಅವರು ತಪ್ಪಿ ಕಲಿಯಲಿ.

ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನಮ್ಮ ಬಿನ್ನಹವಿಷ್ಟೆ: ಧನದ ಜೊತೆಗೆ ವರ್ಷಕ್ಕೆ ಕೆಲವು ದಿನಗಳನ್ನೂ ಕೊಡಿರಿ, ಹೋಗುವಾಗ ನಿಮ್ಮ ಹೊಣೆಗೆ ಇನ್ನೊಬ್ಬರನ್ನು ಸಿದ್ಧಗೊಳಿಸಿರಿ.